ಅಜ್ಜಿಯ ಪಟದಾಗ ಬಂಗಾರ ಎಷ್ಟು?

  ಇವತ್ತಿನ ಎಪಿಸೋಡ್‌ಗೆ ಗೆಸ್ಟ್ ಇಲ್ಲ, ನಾನೊಬ್ಬಳೇ. ಒಂದು ತಪ್ಪು ಒಪ್ಪಿಕೊಳ್ಳೋದಿದೆ, ಮೊದಲು ಅದನ್ನ ಮುಗಿಸಿಬಿಡ್ತೀನಿ.

ಹೋದ ವರ್ಷ ಶ್ರಾವಣದಲ್ಲಿ ನಮ್ಮ ಅಜ್ಜಿಯ ದೇವರ ಪಟದ ಬಗ್ಗೆ ಒಂದು ಎಪಿಸೋಡ್ ಮಾಡೋಣ ಅಂದ್ಕೊಂಡೆ. ಶ್ರೀರಾಮ ಪಟ್ಟಾಭಿಷೇಕದ ಪಟ. ಎರಡಡಿ ಎತ್ತರ, ಒಂದೂವರೆ ಅಡಿ ಅಗಲ. ಥಂಬ್‌ನೇಲ್‌ಗೆ ಒಂದು ಒಳ್ಳೆ ಫೋಟೋ ಬೇಕಿತ್ತು. ಗಾಜು ಒಂದು ಮೂಲೆಯಲ್ಲಿ ಒಡೆದು ಎಷ್ಟೋ ವರ್ಷ ಆಗಿತ್ತು, ಆ ಸಂದಿಯಿಂದ ದೀಪದ ಹೊಗೆ ಒಳಗೆ ಹೋಗಿ ಚಿತ್ರ ಮಂಕಾಗಿತ್ತು. ಸರಿ, ಗಾಜು ತೆಗೆದೆ. ಬ್ಯಾಗಿನಲ್ಲಿ ವೆಟ್ ವೈಪ್ಸ್ ಇತ್ತು, ಅದರಿಂದ ಒರೆಸಿದೆ. ಮೂರು ಸಲ. ಮೂರನೇ ಸಲ ಕೈಯಲ್ಲಿದ್ದ ವೈಪ್ ನೋಡಿದರೆ ಅದರೊಳಗೆ ಸೀತಮ್ಮನ ಕೊರಳಿನ ಸರ ಇತ್ತು.

ಸರ ಅಂದರೆ ಚಿತ್ರದ ಸರ. ಬಿಳಿ ಬಿಳಿ ಪುಡಿ, ಅದರ ಮೇಲೆ ಚಿನ್ನದ ಚೂರು. ಪಟದಲ್ಲಿ ಸೀತಮ್ಮನ ಕೊರಳ ಹತ್ತಿರ ಹೆಬ್ಬೆರಳಿನಷ್ಟು ಜಾಗ ಖಾಲಿ. ನಾನು ಆ ವೈಪ್‌ನ ಮಡಚಿ ಒಂದು ಸ್ಟೀಲ್ ಡಬ್ಬಿಯೊಳಗೆ ಇಟ್ಟು, ಪಟಾನ ಗೋಡೆಗೆ ಮುಖ ಮಾಡಿ ಒರಗಿಸಿ, ಮಂಚದ ಮೇಲೆ ಕೂತುಬಿಟ್ಟೆ. ಅಪ್ಪಾಗೆ ಹೇಳೋಕೆ ಎರಡು ದಿನ ತಗೊಂಡೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ಮನೆ ಬೆಳಗಾವಿಯಲ್ಲಿ, ಕೋಟೆ ಕೆರೆ ಹತ್ತಿರ. ಕೋಟೆ ಬಾಗಿಲ ದುರ್ಗಾ ಗುಡಿ, ಒಳಗೆ ಕಮಲ ಬಸದಿ, ಅದರ ಛಾವಣಿಯ ಕಲ್ಲಿನ ಕಮಲ, ಇವೆಲ್ಲ ನಮಗೆ ಶಾಲೆಯ ಪಿಕ್ನಿಕ್‌ನಷ್ಟೇ ಮಾಮೂಲು. ಆ ಬಸದಿ 1204ರದ್ದು ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದವರು ನಾವು. ಆದರೆ ಮನೆಯೊಳಗಿನ ಪಟ ಎಲ್ಲಿಂದ ಬಂತು ಅಂತ ಒಬ್ಬರೂ ಕೇಳಿರಲಿಲ್ಲ. ನಾವು ಅದನ್ನ ಪಟ ಅಂತಲೂ ಕರೀತಿರಲಿಲ್ಲ, "ದೇವರ ಫೋಟೋ" ಅಂತಿದ್ವಿ. ಕ್ಯಾಲೆಂಡರ್ ಸಾಯಿಬಾಬಾನೂ ಫೋಟೋ, ಇದೂ ಫೋಟೋ.

ಅಜ್ಜಿ ನಂಜನಗೂಡಿನವರು. ರಾಜ್ಯ ಒಂದಾಗಿ ಐದು ವರ್ಷಕ್ಕೆ, 1961ರಲ್ಲಿ, ಬೆಳಗಾವಿಯ ಹೈಸ್ಕೂಲ್ ಮಾಸ್ತರರನ್ನ ಮದುವೆಯಾಗಿ ಇಲ್ಲಿಗೆ ಬಂದರು. ತವರಿನಿಂದ ಒಂದು ಟ್ರಂಕು, ಒಂದು ವೀಣೆ, ಈ ಪಟ. ವೀಣೆ ಎಲ್ಲೋ ಹೋಯ್ತು. ಅರವತ್ತು ವರ್ಷ ಇಲ್ಲಿದ್ದರೂ ಅಜ್ಜಿ "ಏನ್ರೀ, ಹೆಂಗದೀರಿ" ಅನ್ನಲಿಲ್ಲ. ಕೊನೇವರೆಗೂ "ಏನಮ್ಮಾ, ತಿಂಡಿ ಆಯ್ತಾ" ಅಂತಲೇ ಇದ್ದರು. ನಮ್ಮ ಓಣಿಯವರಿಗೆಲ್ಲ ಅವರು "ಮೈಸೂರು ಅಜ್ಜಿ".

ಅಜ್ಜಿ ಹೋದ ಮೇಲೆ ಪಾಲಿನ ಮಾತು ಬಂತು. ಅಪ್ಪ, ಕಾಕಾ, ಖಾನಾಪುರದ ಅತ್ತಿ, ಮೂರು ಜನ. ಮನೆ, ಪಾತ್ರೆ, ಎಫ್‌ಡಿ, ಎಲ್ಲದರಲ್ಲೂ ಬೇಗ ಒಪ್ಪಂದ ಆಯ್ತು. ಪಟದ ಹತ್ತಿರ ಬಂದು ನಿಂತಿತು. ಅತ್ತಿ ಅಂದರು, "ಅವ್ವನ ದೇವರು, ನನಗ ಕೊಡ್ರಿ, ನಾ ಪೂಜಿ ಮಾಡ್ತೀನಿ." ಕಾಕಾ ಅಂದರು, "ಕೊಡೋಣು. ಆದ್ರ ಅದರಾಗ ಬಂಗಾರ ಅದ. ಕಮ್ಮಿ ಅಂದ್ರೂ ಎರಡು ತೊಲಿ. ತೂಕ ಮಾಡಿಸಿ, ಅಷ್ಟು ನಿನ್ನ ಪಾಲಿನ್ಯಾಗ ಕಳದಬಿಡೋಣು." ಅತ್ತಿ ಚಹಾ ಕಪ್ ಕೆಳಗಿಟ್ಟು ಎದ್ದು ಹೋದರು. ಎರಡು ವರ್ಷ ಆಯ್ತು, ಆ ಅಣ್ಣ ತಂಗಿ ಮಾತಾಡಿಲ್ಲ. ಪಟ ನಮ್ಮ ಮನೇಲೇ ಉಳೀತು. ಅದನ್ನೇ ನಾನು ಒರೆಸಿದ್ದು. ಈಗ ನನ್ನ ಹೊಟ್ಟೆ ಯಾಕೆ ತಳಮಳ ಅಂದಿತು ಅಂತ ಗೊತ್ತಾಯ್ತಲ್ಲ.

ಮೊದಲು ಆ ಡಬ್ಬಿ ತಗೊಂಡು ಶಹಾಪುರಕ್ಕೆ ಹೋದೆ, ನಮ್ಮ ಮನೆಗೆ ಹಳೆಯ ಪರಿಚಯದ ಪತ್ತಾರರ ಹತ್ರ. ಅವರು ಕಣ್ಣಿಗೆ ಗ್ಲಾಸ್ ಏರಿಸಿ ನೋಡಿ, ನಕ್ಕರು. "ತಂಗೀ, ಇದನ್ನ ತೂಗಾಕ ನನ್ನ ತಕ್ಕಡೀನ ನಾಚಿಕಿ ಪಡ್ತೈತಿ."

ನಾನು ಬಿಕಾಂ. ಚಿತ್ರಕಲೆ ಗೊತ್ತಿಲ್ಲ, ಲೆಕ್ಕ ಗೊತ್ತು. ಮನೆಗೆ ಬಂದು ಲೆಕ್ಕಕ್ಕೆ ಕೂತೆ. ನೀವೂ ಜೊತೆಗೆ ಮಾಡಿ ನೋಡಿ. ಈಗ ಮಾರುಕಟ್ಟೆಯಲ್ಲಿ ಸಿಗೋ ಚಿನ್ನದ ಹಾಳೆ ಸುಮಾರು 8 ಸೆಂಟಿಮೀಟರ್ ಚೌಕ. ದಪ್ಪ ಒಂದು ಮೈಕ್ರಾನಿನ ಹತ್ತನೇ ಒಂದು ಭಾಗದ ಆಸುಪಾಸು. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ, ಅದರಲ್ಲೂ ಹತ್ತನೇ ಒಂದು. ಚಿನ್ನದ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 19.3 ಗ್ರಾಂ. ಗುಣಿಸಿದರೆ ಒಂದು ಹಾಳೆಗೆ ಬರೋದು 12 ಮಿಲಿಗ್ರಾಂ. ನಮ್ಮ ಪಟದಲ್ಲಿ ಚಿನ್ನ ಇರೋದು ಐದನೇ ಒಂದು ಭಾಗ ಅಂತ ಹಿಡಿದರೆ ಎಂಟೊಂಬತ್ತು ಹಾಳೆ ಸಾಕು. ಒಟ್ಟು ಸುಮಾರು 100 ಮಿಲಿಗ್ರಾಂ. ಒಂದು ಗ್ರಾಂನ ಹತ್ತನೇ ಒಂದು ಭಾಗ! ಹಳೇ ಕಾಲದಲ್ಲಿ ಚರ್ಮದ ನಡುವೆ ಇಟ್ಟು ಕೈಯಲ್ಲಿ ಬಡಿದು ಮಾಡಿದ ಹಾಳೆ ಇದಕ್ಕಿಂತ ಐದು ಪಟ್ಟು ದಪ್ಪ ಇತ್ತು ಅಂತ ಇಟ್ಟುಕೊಂಡರೂ ಅರ್ಧ ಗ್ರಾಂ. ಕಾಕಾ ಹೇಳಿದ್ದು ಎರಡು ತೊಲಿ, ಅಂದರೆ ನಮ್ಮ ಕಡೆ ಲೆಕ್ಕದಲ್ಲಿ 20 ಗ್ರಾಂ. ಇವತ್ತಿನ ರೇಟ್ ಮೊಬೈಲಿನಲ್ಲಿ ನೋಡ್ಕೊಳ್ರಿ. ಎರಡು ವರ್ಷ ಮಾತು ಬಿಟ್ಟಿದ್ದು ಎಷ್ಟು ರೂಪಾಯಿಗೆ ಅಂತ ನಿಮಗೇ ಗೊತ್ತಾಗುತ್ತೆ.

ಈ ಲೆಕ್ಕ ಸಿಕ್ಕಿದ್ದಕ್ಕೆ ಖುಷಿ ಆಗಬೇಕಿತ್ತು. ಆಗಲಿಲ್ಲ. ಸೀತಮ್ಮನ ಕೊರಳು ಖಾಲಿನೇ ಇತ್ತಲ್ಲ.

ಹಂಗಾಗಿ ಪಟಾನ ಹಳೇ ಹತ್ತಿ ಸೀರೆಯಲ್ಲಿ ಸುತ್ತಿ, ಎರಡು ಪ್ಲೈವುಡ್ ಹಲಗೆ ನಡುವೆ ಇಟ್ಟು, ರಾತ್ರಿ ರೈಲಿಗೆ ಮೈಸೂರಿಗೆ ಹೋದೆ. ರಾತ್ರಿಯಿಡೀ ಅದನ್ನ ಪಕ್ಕದಲ್ಲಿ ಮಲಗಿಸಿ ನಾನು ಕೂತೇ ಇದ್ದೆ. ಅಲ್ಲಿ ಒಬ್ಬ ಹಿರಿಯ ಕಲಾವಿದರ ಪರಿಚಯ ಸಿಕ್ಕಿತ್ತು. "ನನ್ನ ಹೆಸರು ಹಾಕಬೇಡಮ್ಮ, ಆಮೇಲೆ ಎಲ್ಲರೂ ರಿಪೇರಿಗೆ ತರ್ತಾರೆ" ಅಂದರು, ಹಾಗಾಗಿ ಹಾಕ್ತಿಲ್ಲ.

ಅವರು ಪಟದ ಮೇಲಿನ ಸೀರೆ ಬಿಚ್ಚಿ, ಒಂದು ಮಾತೂ ಆಡದೆ ಭೂತಗನ್ನಡಿ ಹಿಡಿದು ಅರ್ಧ ಗಂಟೆ ನೋಡಿದರು. ಆಮೇಲೆ, "ಒರೆಸಿದ್ದು ಯಾರು?"

"ನಾನೇ ಸರ್."

"ಚಿನ್ನ ಹೋಗಿದ್ದಕ್ಕೆ ಯೋಚನೆ ಮಾಡಬೇಡ, ಅದನ್ನ ಇವತ್ತು ಸಂಜೆ ಹಚ್ಚಿಕೊಡಬಹುದು. ಅದರ ಕೆಳಗಿನ ಕೆಲಸ ಹೋಯ್ತಲ್ಲ, ಅದಕ್ಕೆ ಯೋಚನೆ ಮಾಡು."

ಕೆಳಗಿನ ಕೆಲಸ ಅಂದರೇನು ಅಂತ ಅವರು ತೋರಿಸಿದರು. ಮೈಸೂರು ಸಾಂಪ್ರದಾಯಿಕ ಶೈಲಿಯಲ್ಲಿ ಆಭರಣ, ಕಿರೀಟ, ಸಿಂಹಾಸನ, ಸೀರೆಯ ಅಂಚು, ಇವೆಲ್ಲ ಸ್ವಲ್ಪ ಉಬ್ಬಿರುತ್ತವೆ. ಆ ಉಬ್ಬು ಚಿನ್ನದ್ದಲ್ಲ. ಸಫೇದ ಅನ್ನೋ ಬಿಳಿ ಪುಡಿ, ಮಕ್ಕಿ ಅನ್ನೋ ಹಳದಿ ಬಣ್ಣದ ಮರದ ಅಂಟು, ಜೊತೆಗೆ ಗೋಂದು, ಇವನ್ನ ಅರೆದು ಮಾಡಿದ ಪೇಸ್ಟ್. ಹೆಸರೇ ಮಕ್ಕಿ ಸಫೇದ. ಒಂದು ಸಣ್ಣ ಸಂಗತಿ ನನಗೆ ಬಹಳ ಹಿಡಿಸಿತು: ಆ ಹಳದಿ ಅಂಟು ಬರೋ ಮರ, ನಾವು ಖಾನಾಪುರದ ಕಡೆ ಸೋಲ್ ಕಡಿಗೆ ಹಾಕೋ ಕೋಕಂ ಇದೆಯಲ್ಲ, ಅದೇ ಕುಲದ್ದು. ಸಹ್ಯಾದ್ರಿಯ ಕಾಡಲ್ಲೇ ಬೆಳೆಯುತ್ತೆ.

ಈ ಪೇಸ್ಟನ್ನ ಅಳಿಲಿನ ಬಾಲದ ಕೂದಲಿನ ಬ್ರಷ್ ತುದಿಯಲ್ಲಿ ತೆಗೆದು ಹನಿ ಹನಿಯಾಗಿ ಇಡಬೇಕು. ಸೀತಮ್ಮನ ಸರದ ಒಂದೊಂದು ಮಣಿ ಒಂದೊಂದು ಹನಿ. ಗಟ್ಟಿಯಾದರೆ ಒಣಗಿ ಬಿರುಕು ಬಿಡುತ್ತೆ. ನೀರಾದರೆ ಹರಡಿ ಪಕ್ಕದ ಮಣಿಗೆ ಸೇರುತ್ತೆ. ಅವರು ಒಂದು ಕಾಗದದ ಮೇಲೆ ಹತ್ತು ಹನಿ ಇಟ್ಟು ತೋರಿಸಿದರು, ಹತ್ತೂ ಸಾಸಿವೆ ಕಾಳಿನಂತೆ ಒಂದೇ ಅಳತೆ. "ನೀನು ಇಡು" ಅಂದರು. ನಾನಿಟ್ಟಿದ್ದು ಮಸಾಲೆ ದೋಸೆ ಹಿಟ್ಟು ಸುರಿದಂಗೆ ಆಯ್ತು.

ಇದಕ್ಕೂ ಮುಂಚಿನ ಕೆಲಸ ಬೇರೆ ಇದೆ. ಬಟ್ಟೆಗೆ ಕಾಗದ ಅಂಟಿಸಿ ಹಾಸು ಮಾಡಬೇಕು. ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಿಂದ ರೇಖೆ ಹಾಕಬೇಕು. ಮೊದಲು ಆಕಾಶ, ಆಮೇಲೆ ಬೆಟ್ಟ, ಮರ, ಮಂಟಪ, ಹೀಗೆ ಹಿಂದಿನಿಂದ ಮುಂದಕ್ಕೆ ಬರಬೇಕು. ಮಕ್ಕಿ ಸಫೇದ ಪೂರ್ತಿ ಒಣಗಿದ ಮೇಲೇ ಅದಕ್ಕೆ ಅಂಟು ಸವರಿ, ಆ ಅಂಟು ಬೆರಳಿಗೆ ಹತ್ತೂ ಹತ್ತದಂಥ ಹದಕ್ಕೆ ಬಂದಾಗ ಚಿನ್ನದ ಹಾಳೆ ಇಳಿಸೋದು. ಫ್ಯಾನ್ ಹಾಕುವಂತಿಲ್ಲ, ಜೋರಾಗಿ ಉಸಿರು ಬಿಟ್ಟರೂ ಹಾಳೆ ಹಾರಿಹೋಗುತ್ತೆ. ಹೆಚ್ಚಾದದ್ದನ್ನ ಮೆತ್ತಗಿನ ಬ್ರಷ್‌ನಿಂದ ಉದುರಿಸಿ, ಮೇಲೆ ತೆಳು ಕಾಗದ ಹಾಕಿ ನುಣುಪಾದ ಕಲ್ಲಿನಿಂದ ಉಜ್ಜಿದರೆ ಹೊಳಪು ಬರುತ್ತೆ. ಎಲ್ಲ ಅಂಟೂ ನೀರಿಗೆ ಕರಗುವಂಥದ್ದು. ಆ ಪಟ ಅಷ್ಟು ವರ್ಷ ಉಳಿದಿದ್ದು ಯಾರೂ ಅದಕ್ಕೆ ನೀರು ತಾಗಿಸದೇ ಇದ್ದಿದ್ದಕ್ಕೆ. ನಿಮ್ಮ ಮನೇಲಿ ಇಂಥದ್ದಿದ್ದರೆ, ದಯವಿಟ್ಟು, ಒದ್ದೆ ಬಟ್ಟೆ ಬೇಡ. ಕೆರೆಯೋದಂತೂ ಬೇಡವೇ ಬೇಡ. ಹಳೇ ಸಫೇದ ಅಂದರೆ ಸೀಸದ ಪುಡಿ, ಅದರ ಧೂಳು ವಿಷ. ಈಗಿನವರು ಬಹಳಷ್ಟು ಜನ ಸತುವಿನ ಬಿಳುಪು ಬಳಸ್ತಾರೆ. ಕಾಕಾ ಆವತ್ತು "ಕೆರದು ತೂಗೋಣು" ಅಂದಿದ್ದನ್ನ ನೆನಸ್ಕೊಂಡು ನನಗೆ ಬೆವರು ಬಂತು.

ತಂಜಾವೂರಿನ ಪಟ ನೋಡಿದ್ದೀರಲ್ಲ? ಹಲಗೆ ಮೇಲೆ ದಪ್ಪ ಉಬ್ಬು, ಗಾಜಿನ ಕಲ್ಲು, ದೂರದಿಂದಲೇ ಕಣ್ಣು ಕುಕ್ಕುತ್ತೆ. ಮೈಸೂರಿನದ್ದರಲ್ಲಿ ಉಬ್ಬು ಕಡಿಮೆ, ಗೆರೆ ಸೂಕ್ಷ್ಮ, ಕಲ್ಲು ಇಲ್ಲ. ಎರಡರ ಬೇರೂ ವಿಜಯನಗರದ ಕಡೆಗೆ ಹೋಗುತ್ತೆ. 1565ರ ಯುದ್ಧದ ನಂತರ ಆಸರೆ ಕಳಕೊಂಡ ಚಿತ್ರಗಾರ ಕುಟುಂಬಗಳು ದಕ್ಷಿಣಕ್ಕೆ ಚದುರಿದವು. 1610ರಲ್ಲಿ ಶ್ರೀರಂಗಪಟ್ಟಣ ಹಿಡಿದ ರಾಜ ಒಡೆಯರ ಆಸರೆಗೆ ಕೆಲವರು ಬಂದರು. ಮುಂದೆ 1799ರಲ್ಲಿ ಟಿಪ್ಪು ಸತ್ತ ಮೇಲೆ ಮೈಸೂರು ಮತ್ತೆ ರಾಜಧಾನಿಯಾಯ್ತು, ಆಗ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಈ ಕಲೆ ಅರಳಿತು. ಶ್ರೀತತ್ತ್ವನಿಧಿ ಅಂತ ಒಂದು ದೊಡ್ಡ ಗ್ರಂಥ ಅವರ ಆಸ್ಥಾನದ್ದು, ಒಂಬತ್ತು ಭಾಗ. ಯಾವ ದೇವತೆಗೆ ಯಾವ ಬಣ್ಣ, ಎಷ್ಟು ಕೈ, ಯಾವ ವಾಹನ ಅನ್ನೋದನ್ನ ಚಿತ್ರ ಸಮೇತ ಬರೆದಿಟ್ಟಿದ್ದಾರೆ. ಈಗಿನ ಭಾಷೆಯಲ್ಲಿ ಹೇಳೋದಾದರೆ ಸ್ಟೈಲ್ ಗೈಡ್. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆ ಕಾಲದ ಚಿತ್ರಗಾರರ ಕೈಚಳಕ ಇದೆ, ಮೈಸೂರಿಗೆ ಹೋದರೆ ಮೇಲಿನ ಗ್ಯಾಲರಿಗೆ ಓಡಬೇಡಿ, ಮೊದಲು ಆ ಗೋಡೆ ನೋಡಿ.

ಆಮೇಲೆ ಅಚ್ಚು ಬಂತು. 1894ರಲ್ಲಿ ರವಿವರ್ಮ ಮುಂಬಯಿಯಲ್ಲಿ ಪ್ರೆಸ್ ಹಾಕಿಸಿದ ಮೇಲೆ ಲಕ್ಷ್ಮಿ, ಸರಸ್ವತಿ ಮನೆಮನೆಗೆ ಕಾಗದದಲ್ಲಿ ಬಂದರು. ಆಗ ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲೇ ಇತ್ತಲ್ಲ, ನಮ್ಮ ಕಡೆ ಹಳೇ ದೇವರ ಜಗುಲಿ ಮೇಲೆ ಹೆಚ್ಚಾಗಿ ಸಿಗೋದು ಅವೇ. ಆದರೆ ಮಂದಿಗೆ ಬರೀ ಕಾಗದ ಸಾಕಾಗಲಿಲ್ಲ. ಅದೇ ಪ್ರಿಂಟಿನ ಲಕ್ಷ್ಮಿಗೆ ಹೆಣ್ಮಕ್ಕಳು ಜರಿ ಹೊಲಿದು, ಟಿಕಳಿ ಅಂಟಿಸಿ, ಸೀರೆ ಉಡಿಸಿದರು. ನಮ್ಮ ಪಕ್ಕದ ಮನೇಲಿ ಅಂಥದ್ದೊಂದು ಈಗಲೂ ಇದೆ. ಇನ್ನು ಕೊಪ್ಪಳದ ಕಡೆ ಕಿನ್ನಾಳದ ಚಿತ್ರಗಾರರು ಮರದ ಮೂರ್ತಿಗಳ ಮೇಲೆ ಕಲ್ಲಿನ ಪುಡಿ, ಅಂಟು ಕಲಸಿದ ಪೇಸ್ಟಿನಿಂದಲೇ ಒಡವೆ ಉಬ್ಬಿಸ್ತಾರೆ. ದೇವರ ಒಡವೆ ಕೈಗೆ ತಾಗುವಂತೆ ಇರಬೇಕು ಅನ್ನೋ ಆಸೆ ಮೈಸೂರಿನವರದ್ದೊಂದೇ ಅಲ್ಲ.

ಮತ್ತೆ ಕಲಾವಿದರ ಮನೆಗೆ ಬರೋಣ. ನಾನು ಬಿಕಾಂ ಬುದ್ಧಿ ಬಿಡದೆ ಕಾಸ್ಟಿಂಗ್ ಕೇಳಿದೆ. ಎರಡಡಿ ಪಟಕ್ಕೆ ತಮ್ಮ ಕೈಗೆ ಒಂದು ತಿಂಗಳು ಬೇಕು, ಕೆಲವಕ್ಕೆ ಇನ್ನೂ ಹೆಚ್ಚು ಅಂದರು. ಕೊಳ್ಳೋಕೆ ಬಂದವರು ಕೇಳೋ ಮೊದಲ ಪ್ರಶ್ನೆ? "ಇದರಲ್ಲಿ ಚಿನ್ನ ಎಷ್ಟಿದೆ?" ಅವರು ಸುಳ್ಳು ಹೇಳಲ್ಲ, ಇಷ್ಟು ಹಾಳೆ ಅಂತಾರೆ. ಬಂದವರು ತಕ್ಷಣ ಮೊಬೈಲಿನಲ್ಲಿ ರೇಟ್ ನೋಡಿ, "ಹಂಗಾದ್ರೆ ಇಷ್ಟ್ಯಾಕೆ?" ಅಂತಾರೆ. ಕಾಲೇಜಿನಲ್ಲಿ ನಮಗೆ ಡೈರೆಕ್ಟ್ ಮೆಟೀರಿಯಲ್, ಡೈರೆಕ್ಟ್ ಲೇಬರ್ ಅಂತ ಎರಡು ಕಾಲಂ ಹಾಕೋಕೆ ಕಲಿಸಿದ್ದರು. ಇಲ್ಲಿ ಮೊದಲ ಕಾಲಂನಲ್ಲಿ ಬರೋದು ಅಲ್ಪ, ಎರಡನೇದರಲ್ಲಿ ಒಂದು ತಿಂಗಳ ಬೆನ್ನು ನೋವು, ಕಣ್ಣು ನೋವು. ಜನ ಮೊದಲನೇದಕ್ಕೆ ದುಡ್ಡು ಕೊಡ್ತಾರೆ, ಎರಡನೇದಕ್ಕೆ ಚೌಕಾಸಿ ಮಾಡ್ತಾರೆ. ಪತ್ತಾರರ ಹತ್ರ ಮಜೂರಿ ಅಂತ ಬಿಲ್ಲಿನಲ್ಲಿ ಬೇರೆ ಬರೆದರೆ ಸುಮ್ಮನೆ ಕೊಡೋ ನಾವೇ ಇಲ್ಲಿ ಹಿಂಗೆ.

ಇದರಿಂದ ಇನ್ನೊಂದು ಆಗಿದೆ. ಚಿನ್ನ ಅಂತ ಹೇಳಿ ಹಿತ್ತಾಳೆ ಹಾಳೆ ಅಂಟಿಸಿ ಮಾರೋದು. ಹೊಸದರಲ್ಲಿ ಗೊತ್ತೇ ಆಗಲ್ಲ, ಕೆಲವು ವರ್ಷಕ್ಕೆ ಕಪ್ಪಗಾಗುತ್ತೆ, ಹಸಿರು ಹತ್ತುತ್ತೆ. ಒಡವೆಗಾದರೆ ಹಾಲ್‌ಮಾರ್ಕ್ ಇದೆ, ಪಟದ ಹಾಳೆ ಮೇಲೆ ಮುದ್ರೆ ಒತ್ತೋಕೆ ಜಾಗವೆಲ್ಲಿ? 2005ರಲ್ಲಿ ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಜಿಐ ಟ್ಯಾಗ್ ಸಿಕ್ಕಿದೆ, ಒಳ್ಳೇದೇ. ಆದರೆ ಅದು ಈ ಊರಿನ, ಈ ಪದ್ಧತಿಯ ಕೆಲಸ ಅನ್ನೋ ಹೆಸರಿಗೆ ರಕ್ಷಣೆ, ನಿಮ್ಮ ಕೈಯಲ್ಲಿರೋ ಪಟದ ಕ್ಯಾರೆಟ್‌ಗೆ ಗ್ಯಾರಂಟಿ ಅಲ್ಲ. ಹಾಗಾಗಿ ಕೊಳ್ಳುವಾಗ ಯಾವ ಹಾಳೆ ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯೋಕೆ ಹಿಂದೆಮುಂದೆ ನೋಡಿದರೆ ನೀವೂ ಹಿಂದೆಮುಂದೆ ನೋಡಿ.

"ಹಾಗಿದ್ರೆ ಚಿನ್ನ ಯಾಕೆ ಬೇಕು ಸರ್? ಹಳದಿ ಬಣ್ಣ ಬಳಿದರೆ ಆಗಲ್ವಾ?" ಅಂತ ಕೇಳಿದೆ. ಅವರು ಎದ್ದು ಕಿಟಕಿ ಮುಚ್ಚಿ, ಟ್ಯೂಬ್‌ಲೈಟ್ ಆರಿಸಿ, ಒಂದು ಎಣ್ಣೆ ದೀಪ ಹಚ್ಚಿ ಪಟದ ಮುಂದೆ ಕೆಳಗೆ ಇಟ್ಟರು. ಕೆಳಗಿನಿಂದ ಬಂದ ಬೆಳಕು ಒಂದೊಂದು ಉಬ್ಬಿಗೂ ತಾಗಿ, ಜ್ವಾಲೆ ಅಲ್ಲಾಡಿದಂತೆ ಕಿರೀಟ ಅಲ್ಲಾಡಿತು. ರಾಮನ ಮುಖ ಮಾತ್ರ ಶಾಂತವಾಗಿ ಹಾಗೇ ಇತ್ತು, ಅದಕ್ಕೆ ಚಿನ್ನ ಇಲ್ಲವಲ್ಲ.

ನನಗೆ ಒಂದು ವಿಷಯ ನೆನಪಾಯ್ತು. ದಿನಾ ಸಂಜೆ ಆರತಿಗೆ ಮುಂಚೆ ಅಜ್ಜಿ ದೇವರ ಮನೆಯ ಟ್ಯೂಬ್‌ಲೈಟ್ ಆರಿಸ್ತಿದ್ದರು. ನಾವು ಮೊಮ್ಮಕ್ಕಳು ಕತ್ತಲಲ್ಲಿ ಎಡವಿ ಬೈತಿದ್ವಿ. ಕರೆಂಟ್ ಬಿಲ್ ಉಳಿಸೋಕೆ ಅಂತಿದ್ದರು ಕಾಕಾ. ಅಜ್ಜಿ ಏನೂ ಹೇಳ್ತಿರಲಿಲ್ಲ.

ನಾಲ್ಕು ದಿನ ಅವರು ಪಟ ಇಟ್ಟುಕೊಂಡರು. ಎದ್ದು ನಿಂತಿದ್ದ ಬೇರೆ ಬೇರೆ ಕಡೆಯ ಚೂರುಗಳನ್ನೆಲ್ಲ ಕೂರಿಸಿ ಭದ್ರ ಮಾಡಿದರು, ಹಿಂದಿನ ಹಲಗೆ ಬದಲಿಸಿದರು, ಹೊಸ ಗಾಜು ಚಿತ್ರಕ್ಕೆ ತಾಗದಂತೆ ಅಂತರ ಬಿಟ್ಟು ಹಾಕಿಸಿದರು. ಸೀತಮ್ಮನ ಕೊರಳಿಗೆ ಕೈ ಹಚ್ಚಲಿಲ್ಲ. ಯಾಕೆ ಅಂದೆ. "ನಾನು ಮಾಡಿದರೆ ಅದು ನನ್ನ ಸರ ಆಗುತ್ತೆ, ಹಳೇ ಚಿತ್ರಗಾರಂದಲ್ಲ. ಕೆಲವರಿಗೆ ಪೂಜೆಯ ದೇವರು ಭಂಗವಾಗಿರಬಾರದು, ತುಂಬಿಸಿ ಅಂತಾರೆ. ಕೆಲವರು ಹಂಗೇ ಬಿಡಿ ಅಂತಾರೆ. ಎರಡೂ ಸರಿ. ಇದು ಯಾರ ಪಟ?"

"ಮೂರು ಜನರದ್ದು ಸರ್" ಅಂದೆ, ಕಥೆ ಹೇಳಿದೆ.

"ಹಂಗಾದ್ರೆ ಆ ಮೂರು ಜನ ಒಟ್ಟಿಗೆ ಕೂತು ತೀರ್ಮಾನ ಮಾಡಿ ಒಂದು ಫೋನ್ ಮಾಡಲಿ. ಒಬ್ಬೊಬ್ಬರೇ ಮಾಡಿದರೆ ನಾನು ಎತ್ತಲ್ಲ."

ಇನ್ನೊಂದು ಮಾತನ್ನೂ ಹೇಳಿದರು: ಶೀತದ ಗೋಡೆಗೆ ನೇತು ಹಾಕಬಾರದು. ಖಾನಾಪುರದ ಮಳೆ ಗೊತ್ತಿದ್ದವರಿಗೆ ಇದರ ಅರ್ಥ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅತ್ತಿ ಮನೆಯ ಕಪಾಟಿನಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತೆ.

ವಾಪಸ್ ಬಂದು ಮೊದಲು ಕಾಕಾಗೆ ಲೆಕ್ಕದ ಹಾಳೆ ತೋರಿಸಿದೆ. 100 ಮಿಲಿಗ್ರಾಂ. ಎರಡು ಸಲ ಕ್ಯಾಲ್ಕುಲೇಟರ್ ಒತ್ತಿ ನೋಡಿದರು. "ಇಷ್ಟನ?" ಅಂದರು. ಆಮೇಲೆ, "ಹಂಗಾದ್ರ ನಂಗೇನ್ ಬ್ಯಾಡ, ಆಕಿಗೇ ಕೊಡ್ರಿ." ಅಷ್ಟಕ್ಕೆ ಮುಗೀತು ಅಂದ್ಕೊಂಡೆ. ಅತ್ತಿಗೆ ಫೋನ್ ಮಾಡಿ ಹೇಳಿದರೆ ಅವರು, "ಬಂಗಾರ ಇಲ್ಲ ಅಂತ ಕೊಡಾಕತ್ತಾನಲ್ಲ, ಅದನ್ನ ನಾ ಯಾಕ ತಗೋಬೇಕು?" ಅಂದರು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ನನ್ನ ಲೆಕ್ಕ ಸರಿಯಾಗಿತ್ತು, ಆದರೆ ಅತ್ತಿಯ ಸಿಟ್ಟು ಆ ಲೆಕ್ಕದ್ದಾಗಿರಲಿಲ್ಲ. ಅವತ್ತು ನಾನು ವೈಪ್ಸ್ ವಿಷಯವನ್ನೂ ಒಪ್ಪಿಕೊಂಡೆ. ಅತ್ತಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ವ ಇದ್ದಿದ್ರ ನಿನಗೇನೂ ಅಂತಿರಲಿಲ್ಲ ಬಿಡು" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಈಗ ಪಟ ನಮ್ಮ ಮನೇಲೇ ಇದೆ, ಒಳಗಿನ ಒಣ ಗೋಡೆಗೆ. ಸಂಜೆ ಟ್ಯೂಬ್‌ಲೈಟ್ ಆರಿಸ್ತೀವಿ. ಹೋದ ತಿಂಗಳು ಒಂದು ವಾಟ್ಸ್ಆ್ಯಪ್ ಗ್ರೂಪ್ ಮಾಡಿದೆ, ಅಪ್ಪ, ಕಾಕಾ, ಅತ್ತಿ, ನಾನು. ದೀಪದ ಬೆಳಕಿನಲ್ಲಿ ತೆಗೆದ ಪಟದ ಫೋಟೋ ಹಾಕಿ, ಸೀತಮ್ಮನ ಸರ ತುಂಬಿಸೋದೋ ಬಿಡೋದೋ, ಮೂರೂ ಜನ ಹೇಳಬೇಕು ಅಂತ ಬರೆದೆ. ಅಪ್ಪ "ತುಂಬಿಸೋಣ" ಅಂದರು. ಅತ್ತಿ ಒಂದು ವಾರ ಬಿಟ್ಟು, "ಮಳಿಗಾಲ ಅಲ್ಲೇ ಇರ್ಲಿ, ದೀಪಾವಳಿಗೆ ನಮ್ಮ ಕಡೆ ಕಳಸ್ರಿ, ಸರ ನೀವು ಹೆಂಗ ಅಂತೀರಿ ಹಂಗ" ಅಂದರು. ಕಾಕಾ ಮೆಸೇಜ್ ನೋಡಿದ್ದಾರೆ, ನೀಲಿ ಟಿಕ್ ಬಿದ್ದಿದೆ. ಉತ್ತರ ಬಂದಿಲ್ಲ.

ಕಾಕಾ, ನೀವು ಬೆಳಿಗ್ಗೆ ವಾಕಿಂಗ್‌ನಾಗ ನನ್ನ ಎಪಿಸೋಡ್ ಕೇಳ್ತೀರಿ ಅಂತ ಕಾಕು ಹೇಳ್ಯಾರ. ಕೇಳಾಕತ್ತಿದ್ರ, ಮನಿಗೆ ಬಂದ ಮ್ಯಾಲೆ ಅತ್ತಿಗೆ ಒಂದು ಫೋನ್ ಹಚ್ಚರಿ. ನಂಬರ್ ಅದೇ ಅದ.